ಬಚ್ಚಲೊಲೆಯ ಮೇಲಿನ ಹಗ್ಗ

ಈ ವರ್ಷ ಮಳೆ ಹಿಡಿಯುವ ಮೊದಲು ಹಿತ್ತಿಲ ಹಳೆಯ ಬಚ್ಚಲುಮನೆಯನ್ನು ಕೆಡವಿಸಿದೆವು. ಮನೆಯೊಳಗೇ ಟೈಲ್ಸ್ ಹಾಕಿದ ಬಾತ್‌ರೂಮು, ಗೀಸರು ಎಲ್ಲ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಒಣ ಸೋಗೆ, ಒಡೆದ ಬಕೆಟ್ಟು, ಹರಿದ ಬಲೆ ತುಂಬಿಡುವ ಜಾಗವಾಗಿತ್ತು. ಕೆಲಸದವರು ಹೆಂಚು ಇಳಿಸಿ ಗೋಡೆಗೆ ಹಾರೆ ಹಾಕಿದ ಕೂಡಲೇ ಮಸಿ ಎದ್ದಿತು, ಅದರ ಜೊತೆಗೆ ವಾಸನೆ. ಹೊಗೆ, ಲಕ್ಕಿಸೊಪ್ಪು, ಒದ್ದೆ ಬಟ್ಟೆ. ನಾಲ್ಕು ವರ್ಷದಿಂದ ಒಲೆ ಹೊತ್ತಿಸದ ಮನೆಯಲ್ಲಿ ಅದು ಎಲ್ಲಿ ಕೂತಿತ್ತೋ ಗೊತ್ತಿಲ್ಲ. ಕೆಲಸದವರಿಗೆ ಚಾ ತಂದ ನಾನು ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ.

“ಅಕ್ಕಾ, ಈ ಹಗ್ಗ ಬೇಕಾ?” ಎಂದು ಮೇಸ್ತ್ರಿ ಕೇಳಿದ. ಬಚ್ಚಲೊಲೆಯ ಮೇಲೆ ಗೋಡೆಯಿಂದ ಗೋಡೆಗೆ ಕಟ್ಟಿದ್ದ, ತೆಂಗಿನ ನಾರಿನ ಕತ್ತದ ಹಗ್ಗ. ಮಸಿ ಹಿಡಿದು ಹಗ್ಗವೋ ಕಬ್ಬಿಣದ ಸರಳೋ ತಿಳಿಯದಂತಾಗಿತ್ತು.

“ಎಂತಕೆ? ಬಿಸಾಕು” ಎಂದೆ.

ಹಾಗೆಂದವಳು ಸಂಜೆ ಕೆಲಸದವರು ಹೋದ ಮೇಲೆ ಕಲ್ಲುಮಣ್ಣಿನ ರಾಶಿಯಿಂದ ಅದನ್ನು ಎಳೆದು ತಂದೆ. ಒಂಬತ್ತು ವರ್ಷದ ಹಿಂದಿನ ಒಂದು ಮಳೆಗಾಲ ಆ ಹಗ್ಗದಲ್ಲಿದೆ. ನನ್ನ ಮಗಳು ಹುಟ್ಟಿದ ವರ್ಷದ್ದು.

ಮಳೆಗಾಲದ ಬಗ್ಗೆ ಚೆಂದಚೆಂದವಾಗಿ ಬರೆಯುವವರನ್ನು ನಾನು ಓದಿದ್ದೇನೆ. ಅವರ‍್ಯಾರೂ ಕರಾವಳಿಯ ಜೂನ್ ತಿಂಗಳಲ್ಲಿ ಬಾಣಂತಿಯಾಗಿರಲಿಕ್ಕಿಲ್ಲ.

ನಮ್ಮದು ಮುರ್ಡೇಶ್ವರ. ದೇವಸ್ಥಾನ ನೋಡಲು ಬರುವವರು ಕಾಣದ ಕಡೆ, ಬಲೆ ಒಣಗಿಸುವ ಬಯಲಿನ ಪಕ್ಕದಲ್ಲಿ ಮನೆ. ಗಂಡ ತದಡಿ ಬಂದರಿನ ಒಂದು ಬೋಟಿನಲ್ಲಿ ಡ್ರೈವರು. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುವಾಗ ಮಾತ್ರ ಮನೆಯಲ್ಲಿ. ಆಗಸ್ಟಿನಿಂದ ಹತ್ತು ದಿನ ಸಮುದ್ರ, ಎರಡು ದಿನ ಮನೆ. ನನ್ನ ಅಮ್ಮ ನಾನು ಪಿಯುಸಿ ಓದುವಾಗಲೇ ತೀರಿಕೊಂಡಿದ್ದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವ ಭಾಗ್ಯವಿಲ್ಲದೆ ಅದು ಅತ್ತೆಯ ಕೈಗೇ ಬಂತು. ಅತ್ತೆ ಮೀನುಬುಟ್ಟಿ ಹೊತ್ತು ಮೂರು ಊರು ತಿರುಗಿ ಗಂಡನಿಲ್ಲದೆ ಮಕ್ಕಳನ್ನು ಸಾಕಿದವಳು. ಗಂಟಲು ದೊಡ್ಡದು, ಕೈ ಇನ್ನೂ ದೊಡ್ಡದು. ನನ್ನ ಬಾಣಂತನಕ್ಕಾಗಿ ಬುಟ್ಟಿ ಕೆಳಗಿಟ್ಟು ಒಂದೂವರೆ ತಿಂಗಳು ವ್ಯಾಪಾರ ಬಿಟ್ಟಳು. ಅವಳು ಪ್ರೀತಿಯಿಂದ ಮಾಡಿದಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಬಾಯಿ ಬರಲಿಕ್ಕಿಲ್ಲ.

ಮೇ ತಿಂಗಳ ನಡುವಿನಲ್ಲಿ ಮಗಳು ಹುಟ್ಟಿದಳು. ಹೊಲಿಗೆ ಬಿದ್ದಿತ್ತು. ಮನೆಗೆ ಬಂದ ಮರುದಿನದಿಂದ ಬಚ್ಚಲುಮನೆ ನನ್ನ ಜಗತ್ತಾಯಿತು. ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ಕಾಯಿಸಿಪ್ಪೆ ಒಟ್ಟಿ ಹಂಡೆ ಕಾಯಿಸುತ್ತಿದ್ದಳು. ನೀರಿಗೆ ಲಕ್ಕಿಸೊಪ್ಪು. ಮೈಮೇಲೆ ಹೊಯ್ದರೆ ಚರ್ಮ ಕೆಂಪಾಗಬೇಕು, ಇಲ್ಲದಿದ್ದರೆ ಅದು ಬಾಣಂತಿ ನೀರೇ ಅಲ್ಲ. ಕೊನೆಗೆ ಒಂದು ಚೊಂಬಿನಲ್ಲಿ ಪಟಿಕ ಕರಗಿಸಿದ ನೀರು.

“ಕೆಳಗೆ ಹೊಯ್ಕ. ಒಳಗೂ ಹೋಗ್ಬೇಕು ಮಗಾ. ಬಿಗಿ ಆಗ್ಬೇಕು, ವಾಸನೆ ಹೋಗ್ಬೇಕು.”

“ಉರಿತದೆ ಅತ್ತೆ.”

“ಉರಿದ್ರೇ ಗುಣ.”

ಬಟ್ಟೆಯದು ಇನ್ನೊಂದು ಕತೆ. ಅತ್ತೆಯ ಹಳೆಯ ನೂಲಿನ ಸೀರೆ ಹರಿದು ಮಾಡಿದ ತುಂಡುಗಳು, ನನ್ನ ಒಳಬಟ್ಟೆಗಳು. ಇವನ್ನು ಹೊರಗೆ ಹಾಕುವಂತಿಲ್ಲ, ಗಂಡಸರ ಕಣ್ಣಿಗೆ ಬೀಳಬಾರದು. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಹಾಕಿ ಅದರ ಮೇಲೊಂದು ಹಳೆಯ ಟವೆಲು ಮುಚ್ಚಬೇಕು. ಹೊರಗೆ ಹಗಲೂ ರಾತ್ರಿ ಮಳೆ, ಒಳಗೆ ಹಂಡೆಯ ಹಬೆ. ಬಟ್ಟೆ ಒಣಗುತ್ತಲೇ ಇರಲಿಲ್ಲ, ಹೊಗೆಯಲ್ಲಿ ಬೆಚ್ಚಗಾಗುತ್ತಿತ್ತು ಅಷ್ಟೆ. ಬೆಚ್ಚಗಿನ ಒದ್ದೆ ಬಟ್ಟೆಯನ್ನು ನಾನು ಒಣಗಿದೆ ಎಂದುಕೊಂಡು ಉಡುತ್ತಿದ್ದೆ. ಅದೇ ಹೊತ್ತಿಗೆ ಮನೆಯ ಎದುರಿನ ಜಗಲಿಯಲ್ಲಿ ಮನೆಯ ಒಂದೇ ಒಂದು ಟೇಬಲ್ ಫ್ಯಾನು ಬಲೆಗೆ ಗಾಳಿ ಹಾಕುತ್ತಾ ತಿರುಗುತ್ತಿತ್ತು. ಬಲೆಗೆ ಬೂಸಲು ಹಿಡಿಯಬಾರದಲ್ಲ.

ಆ ಹಗ್ಗದ ಮೂಲೆಯಲ್ಲಿ ನನ್ನದಲ್ಲದ ಒಂದೆರಡು ಬಟ್ಟೆ ಯಾವಾಗಲೂ ಇರುತ್ತಿದ್ದವು. ಅತ್ತೆಗೆ ಮುಟ್ಟು ನಿಂತು ಎಷ್ಟೋ ಕಾಲವಾಗಿತ್ತು. ಕಂಡೆ, ಕೇಳಲಿಲ್ಲ. ನನ್ನ ಉರಿಯೇ ನನಗೆ ಹೆಚ್ಚಾಗಿತ್ತು.

ಐದನೆಯ ವಾರಕ್ಕೆ ತುರಿಕೆ ಶುರುವಾಯಿತು. ಮೊದಲು ಹೊಲಿಗೆ ಮಾಯುವ ತುರಿಕೆ ಎಂದುಕೊಂಡೆ. ಆಮೇಲೆ ಮೊಸರು ಒಡೆದಂಥ ಬಿಳಿ. ಕೂತರೆ ಉರಿ, ನಿಂತರೆ ಉರಿ, ಮೂತ್ರಕ್ಕೆ ಹೋದರೆ ಕಣ್ಣಲ್ಲಿ ನೀರು. ಮಗುವಿಗೆ ಹಾಲು ಕೊಡಲು ಚಕ್ಕಳಮಕ್ಕಳ ಹಾಕಿ ಕೂರಬೇಕು, ಕೂರಲಾಗದು. ಅತ್ತೆಗೆ ಹೇಳಿದೆ. ಅವಳು ಪಟಿಕ ಹೆಚ್ಚು ಮಾಡಿದಳು. ಒಂದು ಹೊತ್ತಿನದ್ದು ಎರಡು ಹೊತ್ತಾಯಿತು.

ಅದೂ ನಡೆಯದಾಗ ಅತ್ತೆ ಕೊಡೆ ಹಿಡಿದು ಭಟ್ಕಳದ ಮೆಡಿಕಲ್ ಶಾಪಿಗೆ ಹೋಗಿ ಪಿಸುಮಾತಿನಲ್ಲಿ ಕೇಳಿ, ಪೇಪರಿನಲ್ಲಿ ಸುತ್ತಿದ ಒಂದು ಟ್ಯೂಬು ತಂದಳು. ಬುಟ್ಟಿ ಇಳಿಸಿ ಇಡೀ ಪೇಟೆಗೆ ಕೇಳುವಂತೆ ಬಂಗಡೆ ಕೂಗುವ ಹೆಂಗಸು ಪಿಸುಗುಟ್ಟಿದ್ದು ಆ ಒಂದು ಟ್ಯೂಬಿಗಾಗಿ. ಹಚ್ಚಿದೆ. ನಾಲ್ಕು ದಿನಕ್ಕೆ ಕಡಿಮೆಯಾಯಿತು, ಹತ್ತನೇ ದಿನಕ್ಕೆ ಮತ್ತೆ ಬಂತು. ಇನ್ನೊಂದು ಟ್ಯೂಬು. ಮತ್ತೆ ಬಂತು. ಮೂರನೆಯದಕ್ಕೆ ನಾನು ಅಳುವುದನ್ನೂ ಬಿಟ್ಟೆ.

ಅಷ್ಟರಲ್ಲಿ ಬಾಣಂತನ ಮುಗಿದಿತ್ತು. ಅಂದರೆ ನಲವತ್ತು ದಿನ ಕಳೆದಿತ್ತು. ಜುಲೈ ನಡುವಿನಲ್ಲಿ ಗಂಡ ನನ್ನ ಕೋಣೆಗೆ ಮರಳಿದರು. “ಎರಡು ತಿಂಗ್ಳಾತಲ್ಲ” ಎಂದರು. ಬೇಡ, ನೋವಿದೆ ಎಂದೆ. “ಎಷ್ಟು ದಿನ ಅಂತ ನೋವು?” ಎಂದರು. ಅದು ಪ್ರಶ್ನೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಗೋಡೆ ನೋಡಿದೆ. ಅದಾದ ಕೆಲವು ದಿನಕ್ಕೆ ಬಿಳಿ ಹೋಗಿ ಹಸಿರುಹಳದಿ ಬಂತು. ನೊರೆನೊರೆ, ವಾಸನೆ. ನಾನು ಮೀನಿನ ಮನೆಯಲ್ಲಿ ಹುಟ್ಟಿ ಮೀನಿನ ಮನೆ ಸೇರಿದವಳು, ವಾಸನೆಗೆ ಹೆದರುವವಳಲ್ಲ. ಅದಕ್ಕೆ ಹೆದರಿದೆ. ಮಗುವನ್ನು ಎತ್ತಿಕೊಳ್ಳಲು ಯಾರಾದರೂ ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದೆ.

ಜುಲೈ ಕೊನೆಯ ವಾರ, ಮಗುವಿಗೆ ಚುಚ್ಚುಮದ್ದು ಹಾಕಿಸಬೇಕು ಎಂಬ ನೆಪದಲ್ಲಿ ರೈಲು ಹತ್ತಿ ಕುಮಟೆಗೆ ಹೋದೆ. ಅಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದಾರೆಂದು ನನ್ನ ಹೊಲಿಗೆ ಕ್ಲಾಸಿನ ಗೆಳತಿ ಹೇಳಿದ್ದಳು. ಶರಾವತಿ ಸೇತುವೆಯ ಮೇಲೆ ಕೆಂಪು ನೀರು ನೋಡುತ್ತಾ, ಡಾಕ್ಟರ ಮುಂದೆ ಏನೆಂದು ಹೇಳುವುದು ಎಂದು ಮಾತು ಜೋಡಿಸಿದೆ. ನಮ್ಮಲ್ಲಿ ಅದಕ್ಕೆ ‘ಆ ಜಾಗ’ ಎನ್ನುತ್ತಾರೆ, ಇಲ್ಲವೇ ಬೈಗುಳ. ನಡುವೆ ಶಬ್ದವಿಲ್ಲ.

ಡಾಕ್ಟರು ಅರವತ್ತು ದಾಟಿದ ಹೆಂಗಸು. ನಾನು “ಆ ಜಾಗದಲ್ಲಿ” ಎಂದ ಕೂಡಲೇ “ಯೋನಿಯಲ್ಲಿ ತುರಿಕೆಯಾ, ಹೊಟ್ಟೆ ಕೆಳಗೂ ನೋವಿದ್ಯಾ?” ಎಂದು ಕೇಳಿದರು, ಕೆಮ್ಮು ಉಂಟಾ ಎಂದು ಕೇಳುವ ದನಿಯಲ್ಲೇ. ಒಬ್ಬರು ಆ ಶಬ್ದವನ್ನು ಅಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಅಂದು. ಪರೀಕ್ಷೆ ಮಾಡಿದರು. ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು.

“ಮೊದಲು ಬಂದದ್ದು ಬೂಸಲಿನ ಸೋಂಕು. ಈಗಿರೋದು ಬೇರೆ. ಒಂದು ಸಣ್ಣ ಜೀವಿ. ಇದು ಗಂಡ ಹೆಂಡತಿ ಸೇರಿದಾಗ ಒಬ್ಬರಿಂದ ಒಬ್ಬರಿಗೆ ಹೋಗ್ತದೆ. ಗಂಡಸರಲ್ಲಿ ಹೆಚ್ಚಾಗಿ ಏನೂ ತೋರಿಸೋದಿಲ್ಲ, ಸುಮ್ಮನೆ ಕೂತಿರ್ತದೆ.”

“ಅಂದ್ರೆ ಅವರಿಂದ…”

“ಎಲ್ಲಿಂದ ಬಂತು ಅಂತ ಇವತ್ತು ಹುಡುಕಬೇಡ. ಯಾರಲ್ಲಿ ಎಷ್ಟು ಕಾಲದಿಂದ ಇತ್ತು ಅಂತ ನನಗೂ ಹೇಳೋದಕ್ಕೆ ಬರೋದಿಲ್ಲ. ಹೋಗೋ ದಾರಿ ಮಾತ್ರ ಹೇಳ್ತೇನೆ. ಇಬ್ಬರೂ ಒಟ್ಟಿಗೆ ಮಾತ್ರೆ ತಗೊಳ್ಬೇಕು. ನೀನು ಏಳು ದಿನ. ಅವರು ಐದು ಮಾತ್ರೆ, ಒಂದೇ ಸಲ. ಮೂರು ದಿನ ಹೆಂಡ ಕುಡಿಯೋ ಹಾಗಿಲ್ಲ. ಔಷಧ ಮುಗಿದು ಒಂದು ವಾರ ಆಗೋವರೆಗೂ ಸೇರೋದು ಬೇಡ. ಅವರು ತಗೊಳ್ಳದೇ ಇದ್ರೆ ನೀನು ಎಷ್ಟು ತಗೊಂಡ್ರೂ ಮತ್ತೆ ಬರ್ತದೆ. ತಿಳೀತಾ?”

ತಿಳಿಯಿತು. ನನ್ನ ಗುಣ ಇರುವುದು ಇನ್ನೊಬ್ಬರ ಬಾಯಲ್ಲಿ ಎಂದು ಅಷ್ಟು ಸ್ಪಷ್ಟವಾಗಿ ತಿಳಿಯಿತು.

ಮನೆಗೆ ಬಂದು, ಗಂಡ ಬಲೆಯ ಕೊಟ್ಟಿಗೆಯಲ್ಲಿ ಒಬ್ಬರೇ ಬಲೆ ಹೊಲಿಯುತ್ತಿದ್ದ ಹೊತ್ತು ನೋಡಿ ಹೇಳಿದೆ. ಐದು ಮಾತ್ರೆಯ ಸ್ಟ್ರಿಪ್ಪನ್ನು ಮುಂದೆ ಹಿಡಿದೆ.

“ನಂಗೆಂತ ಆಗಿದೆ?” ಎಂದರು, ಸೂಜಿ ನಿಲ್ಲಿಸದೆ.

“ಗಂಡಸ್ರಿಗೆ ಗೊತ್ತಾಗೂದಿಲ್ಲಂತೆ.”

“ಗೊತ್ತಾಗದಿದ್ದ ಕಾಯ್ಲೆಗೆ ಎಂತ ಮಾತ್ರೆ?”

“ನೀವು ತಗಳ್ದೇ ಇದ್ರೆ ನಂಗೆ ಗುಣ ಆಗೂದಿಲ್ಲ ಅಂದಿದಾರೆ. ಐದೇ ಐದು. ಬಾಯಿ ಸ್ವಲ್ಪ ಕಹಿ ಆಗ್ತದಂತೆ, ಅಷ್ಟೇ. ಮೂರು ದಿನ ಕುಡೂಕಾಗ.”

ಸೂಜಿ ನಿಂತಿತು. ಆ ವಾರ ಬೋಟು ನೀರಿಗಿಳಿಸುವ ಸಂಭ್ರಮ. ತದಡಿಯಲ್ಲಿ ಇಡೀ ತಂಡ ಸೇರುತ್ತದೆ, ಕೋಳಿ ಬೇಯುತ್ತದೆ, ಬಾಟಲಿ ತೆರೆಯುತ್ತದೆ. “ಈ ವಾರ ಮಾತ್ರ ಆಗೂದಿಲ್ಲ. ಬೋಟಿಗೆ ಹೋದ ಮೇಲೆ ತಗಳ್ತೆ. ಸಮುದ್ರದ ಮೇಲೆ ನಾ ಕುಡಿಯೂದಿಲ್ಲ, ನಿಂಗೂ ಗೊತ್ತು” ಎಂದು ಸ್ಟ್ರಿಪ್ಪನ್ನು ಅಂಗಿಯ ಜೇಬಿಗೆ ಹಾಕಿದರು. ಜೇಬಿನ ಗುಂಡಿಯನ್ನೂ ಹಾಕಿಕೊಂಡರು. ಆ ಗುಂಡಿ ನೋಡಿ ನನಗೆ ಸಮಾಧಾನವಾಯಿತು. ಎಂಥ ದಡ್ಡಿ ನಾನು!

ಆಗಸ್ಟಿನ ಮೊದಲ ವಾರ ಪೂಜೆ ಮುಗಿದು ಬೋಟುಗಳು ಹೊರಟವು. ನಾನು ಏಳು ದಿನದ ಮಾತ್ರೆ ಮುಗಿಸಿದೆ. ನಾಲಗೆಯ ಮೇಲೆ ತಾಮ್ರದ ಕಾಸು ಇಟ್ಟುಕೊಂಡ ಹಾಗಿತ್ತು, ಅನ್ನ ಸೇರುತ್ತಿರಲಿಲ್ಲ. ಆದರೆ ಒಂಬತ್ತನೆಯ ದಿನ ಬೆಳಿಗ್ಗೆ ಎದ್ದು ಕೂತಾಗ ಏನೋ ಇಲ್ಲ ಅನ್ನಿಸಿತು. ಉರಿ ಇರಲಿಲ್ಲ. ಸುಮ್ಮನೆ ಕೂರುವುದು ಅಷ್ಟು ದೊಡ್ಡ ಸುಖ ಎಂದು ಯಾರಿಗೆ ಗೊತ್ತು? ಜಗಲಿಯಲ್ಲಿ ಕಾಲು ಮಡಚಿ ಕೂತು ಮಗಳಿಗೆ ಹಾಲು ಕೊಟ್ಟೆ. ಹುಟ್ಟಿದ ಮೇಲೆ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದೆನೇನೋ ಅನ್ನಿಸಿತು. ಕಿವಿಯ ಹಿಂದೆ ಒಂದು ಮಚ್ಚೆಯಿತ್ತು. ಎರಡೂವರೆ ತಿಂಗಳಿಂದ ನನ್ನ ಮಡಿಲಲ್ಲೇ ಇದ್ದ ಮಗುವಿನ ಮಚ್ಚೆ ನಾನು ಕಂಡಿರಲಿಲ್ಲ.

ಗಂಡ ಮೊದಲ ಟ್ರಿಪ್ಪು ಮುಗಿಸಿ ಬಂದರು. ಚೀಲ ಇಳಿಸುವ ಮೊದಲೇ ಕೇಳಿದೆ, “ಮಾತ್ರೆ ತಗಂಡ್ರಾ?”

“ತಗಂಡೆ ಮಾರಾಯ್ತಿ. ಬಾಯೆಲ್ಲ ಕಹಿ ಆತು” ಎಂದರು.

ಮಗುವಿನ ಮಚ್ಚೆ ತೋರಿಸಿದೆ. ಬಂಗಡೆ ಹುರಿದು ಬಡಿಸಿದೆ.

ಚೌತಿಯ ಹೊತ್ತಿಗೆ ಎಲ್ಲವೂ ಮರಳಿ ಬಂತು. ಅದೇ ಬಣ್ಣ, ಅದೇ ವಾಸನೆ. ಮತ್ತೆ ಕುಮಟೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಅವರು ತಗೊಂಡ್ರಾ?”

“ತಗಂಡಿದಾರೆ” ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಎಂದೆ. ಮಾತು ಕೇಳುವ ಗಂಡ ಸಿಕ್ಕಿದವಳ ಹೆಮ್ಮೆ.

“ಖಂಡಿತಾ?”

“ಖಂಡಿತಾ.”

ಅವರು ಪೆನ್ನು ಕೆಳಗಿಟ್ಟು ಯೋಚಿಸಿದರು. ನನಗೆ ಇನ್ನೊಂದು ಸರದಿ ಔಷಧ ಬರೆದರು. ಆಮೇಲೆ ಬಚ್ಚಲುಮನೆಯ ವಿಚಾರವೆಲ್ಲ ಕೇಳಿದರು. ಪಟಿಕದ ನೀರಿನ ಮಾತು ಬಂದಾಗ ಹಣೆ ಗಂಟಿಕ್ಕಿದರು. “ಒಳಗೆ ಏನೂ ಹಾಕ್ಬೇಡ, ತೊಳೀಬೇಡ. ಅದಕ್ಕೆ ತನ್ನನ್ನು ತಾನೇ ನೋಡ್ಕೊಳ್ಳೋದು ಗೊತ್ತು, ನೀವೇ ಕೆಡಿಸ್ತೀರಿ. ಬಟ್ಟೆ ಎಲ್ಲಿ ಒಣಗಿಸ್ತೀರಿ?”

“ಬಚ್ಚಲೊಲೆ ಮೇಲೆ. ಟವೆಲ್ ಮುಚ್ಚಿ.”

“ಮಳೆ ಬಿಟ್ಟ ಮೇಲೆ ಬಿಸಿಲಿಗೆ ಹಾಕು. ಬಲೆ ಒಣಗ್ತದಲ್ಲ ನಿಮ್ಮನೇಲಿ, ಅದರ ಪಕ್ಕ.”

ಅವರು ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ ಗೊತ್ತಾಗಲಿಲ್ಲ. ನಾನು ಮಾತ್ರ ನೆನಪಿಟ್ಟುಕೊಂಡೆ. ಪಟಿಕ ಬಿಟ್ಟೆ. ಅತ್ತೆ ಎರಡು ದಿನ ಮುಖ ಊದಿಸಿದಳು.

ನವರಾತ್ರಿಗೆ ಮೂರನೆಯ ಸಲ ಬಂತು. ಗಂಡ ಎರಡು ದಿನಕ್ಕೆಂದು ಮನೆಗೆ ಬಂದವರು ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಅತ್ತೆ ಒಳಗೆ ಒಲೆಯ ಮುಂದೆ. ನಾನು ಬಡಿಸುತ್ತಾ, ಮತ್ತೆ ಶುರುವಾಗಿದೆ, ಡಾಕ್ಟರ ಹತ್ತಿರ ಹೋಗಬೇಕು ಎಂದೆ. ಅವರು ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. ಆಮೇಲೆ ತಲೆ ಎತ್ತದೆ ಹೇಳಿದರು:

“ನಾ ಮಾತ್ರೆ ತಗಂಡೆ. ನೀನೂ ತಗಂಡೆ. ಒಬ್ರಿಂದ ಒಬ್ರಿಗೆ ಬರೂದು ಅಂತ ನೀನೇ ಹೇಳ್ದೆ. ಹಂಗಾರೆ ನಿಂಗೆ ಎಲ್ಲಿಂದ ಬಂತು?”

ಅನ್ನದ ಸೌಟು ಕೈಯಲ್ಲೇ ಉಳಿಯಿತು. ಒಳಗೆ ಅತ್ತೆ ಊದುತ್ತಿದ್ದ ಕೊಳವೆಯ ಸದ್ದು ನಿಂತಿತು. ಅವಳಿಗೆ ಕೇಳಿಸಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಊದತೊಡಗಿದಳು.

ಗಂಡ ಸಮುದ್ರಕ್ಕೆ ಹೋದರು. ಆ ಪ್ರಶ್ನೆ ಮನೆಯಲ್ಲಿ ಉಳಿಯಿತು. ಮತ್ತು ನಾನು ಉತ್ತರ ಹುಡುಕಿದೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವರ ಮೇಲೆ ಅನುಮಾನ ಪಡುವ ಬದಲು ನಾನು ನನ್ನ ಮೇಲೇ ಪಟ್ಟೆ. ರೈಲಿನ ಶೌಚಾಲಯಕ್ಕೆ ಹೋಗಿದ್ದೆನಲ್ಲ, ಅದರಿಂದ ಇರಬಹುದೇ? ಆಸ್ಪತ್ರೆಯ ಬೆಂಚಿನಿಂದ? ಮದುವೆಗೆ ಮೊದಲು ಹೊಲಿಗೆ ಕ್ಲಾಸಿನಲ್ಲಿ ಯಾರದೋ ಲಂಗ ಉಟ್ಟು ನೋಡಿದ್ದೆ, ಅದರಿಂದ? ತಪ್ಪೇ ಮಾಡದವಳು ತಪ್ಪಿಗಾಗಿ ಇಪ್ಪತ್ತಾರು ವರ್ಷದ ಬದುಕನ್ನೆಲ್ಲ ಕೊಡವಿ ನೋಡಿದೆ. ಹಾಲು ಕಡಿಮೆಯಾಯಿತು. ಮಗು ರಚ್ಚೆ ಹಿಡಿಯಿತು.

ಅಕ್ಟೋಬರಿನಲ್ಲಿ ಮಳೆ ಬಿಟ್ಟು ಬಿಸಿಲು ಬಂತು. ಬೇರೇನೂ ನನ್ನ ಕೈಯಲ್ಲಿರಲಿಲ್ಲ. ಡಾಕ್ಟರು ಹೇಳಿದ್ದರಲ್ಲಿ ನನ್ನೊಬ್ಬಳಿಂದ ಆಗುವುದು ಒಂದೇ, ಬಟ್ಟೆ ಒಣಗಿಸುವುದು. ಒಂದು ಬೆಳಿಗ್ಗೆ ಬಚ್ಚಲೊಲೆಯ ಹಗ್ಗದಿಂದ ನನ್ನದೆಲ್ಲ ತೆಗೆದು, ಮತ್ತೆ ತೊಳೆದು, ಬಲೆಯ ಕೊಟ್ಟಿಗೆಯ ಮುಂದಿನ ಬಿದಿರ ಗಳಕ್ಕೆ ಸಾಲಾಗಿ ಹಾಕಿದೆ. ಟವೆಲು ಮುಚ್ಚಲಿಲ್ಲ.

“ಅಯ್ಯಯ್ಯೋ! ಗಂಡಸ್ರು ಓಡಾಡೂ ಜಾಗ ಮಾರಾಯ್ತಿ! ಬಲೆ ಹಾಕೂ ಗಳ ಅದು!” ಅತ್ತೆ ಬುಟ್ಟಿ ಕೆಳಗಿಟ್ಟು ಓಡಿ ಬಂದಳು.

“ಬಲೆಗೆ ಬೂಸಲು ಹಿಡೀತದೆ ಅಂತ ಫ್ಯಾನ್ ಹಾಕಿದ್ರಿ ಅತ್ತೆ. ನಂಗೆ ಹಿಡ್ದಿದ್ದಕ್ಕೆ ಎಂತ ಹಾಕಿದ್ರಿ?”

ಅತ್ತೆ ಬುಟ್ಟಿ ಎತ್ತಿಕೊಂಡು ಹೊರಟದ್ದು ಕಂಡು ನನಗೆ ಇನ್ನೂ ಹುರುಪು ಬಂತು. ಗಳದ ಒಂದು ತುದಿ ಜಾರುತ್ತಿತ್ತು. ಅದನ್ನು ಕೊಟ್ಟಿಗೆಯ ಮಾಡಿಗೆ ಕಟ್ಟಲೆಂದು ಸ್ಟೂಲು ಹತ್ತಿದೆ. ತಗಡಿಗೂ ಅಡ್ಡಪಟ್ಟಿಗೂ ನಡುವಿನ ಸಂದಿಯಲ್ಲಿ ಹಗ್ಗ ತೂರಿಸಲು ಕೈ ಹಾಕಿದಾಗ ಏನೋ ತಗುಲಿತು. ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ. ಬಲೆ ಹೊಲಿಯುವ ನೀಲಿ ದಾರದಿಂದ ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ಹಲ್ಲಿನಿಂದ ಬಿಚ್ಚಿದೆ. ಒಳಗೆ ಅದೇ ಸ್ಟ್ರಿಪ್ಪು, ಐದು ಮಾತ್ರೆ. ಒಂದೂ ಒಡೆದಿರಲಿಲ್ಲ.

ಅವರು ಅದನ್ನು ಸಮುದ್ರಕ್ಕೆ ಎಸೆಯಬಹುದಿತ್ತು, ಗಟಾರಕ್ಕೆ ಹಾಕಬಹುದಿತ್ತು. ನೀರು ತಾಗದಂತೆ ಸುತ್ತಿ ಜೋಪಾನವಾಗಿ ಇಟ್ಟಿದ್ದರು. ಆ ಜೋಪಾನ ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಬಾಯೆಲ್ಲ ಕಹಿ ಆತು ಎಂದಿದ್ದರು. ಆ ಕಹಿಯ ಸುದ್ದಿಯನ್ನೂ ಅವರಿಗೆ ಕೊಟ್ಟವಳು ನಾನೇ.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಬೋಟು ಬಂತು. ಮಧ್ಯಾಹ್ನ ಅವರೂ ಅತ್ತೆಯೂ ಎದುರುಬದುರು ಊಟಕ್ಕೆ ಕೂತರು. ಅನ್ನ ಹಾಕಿದೆ, ಸಾರು ಹಾಕಿದೆ, ಹುರಿದ ಮೀನು ಇಡುವ ಜಾಗದಲ್ಲಿ ಆ ಪೊಟ್ಟಣವನ್ನು ನೀಲಿ ದಾರದ ಸಮೇತ ಇಟ್ಟೆ.

ಅವರ ಮುಖದ ಬಣ್ಣ ಹೋಯಿತು. ತಾಯಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. “ಮೊದಲ ಟ್ರಿಪ್ಪು ಅದು. ಪೂಜೆ ಮಾಡಿದ ಬೋಟು. ಹೆಂಗಸ್ರ ಕಾಯ್ಲೆ ಮಾತ್ರೆ ಹಿಡ್ಕಂಡು ಹತ್ತೂದಾ? ಏನಾದ್ರೂ ಆದ್ರೆ ಏಳು ಜನರ ಜೀವ” ಎಂದರು.

“ಹತ್ತಬೇಡಿ. ಒಯ್ಯಬೇಡಿ. ತಗಂಡೆ ಅಂತ ಎಂತಕೆ ಹೇಳಿದ್ರಿ?”

ಅವರು ಪೊಟ್ಟಣವನ್ನು ತಾಟಿನ ಅಂಚಿಗೆ ತಳ್ಳಿದರು.

“ನಿಂಗೆ ಎಲ್ಲಿಂದ ಬಂತು ಅಂತ ಕೇಳಿದ್ರಿ. ಈ ತಾಟಿನ ಮುಂದೆ ಕೂತು ಕೇಳಿದ್ರಿ. ಈಗ ನಾ ಕೇಳ್ಲಾ? ನಿಮ್ಗೆ ಎಲ್ಲಿಂದ ಬಂತು?”

ಅವರು ಏಳಲು ಹೊರಟರು. ಆಗ ಅತ್ತೆ ತನ್ನ ತಾಟನ್ನು ಪಕ್ಕಕ್ಕೆ ಸರಿಸಿ, ಎಡಗೈಯಿಂದ ನೀರಿನ ಲೋಟ ಎತ್ತಿ ಮಗನ ಮುಂದೆ ಇಟ್ಟಳು.

“ನುಂಗು.”

“ಆಯಿ…” ಎಂದು ತಾಯಿಯನ್ನು ಕರೆದರು.

“ನುಂಗು ಅಂದೆ. ನಾ ಕಾಣ್ಬೇಕು.”

ಅವರು ನುಂಗಿದರು. ಒಂದೊಂದಾಗಿ ಐದೂ. ಅತ್ತೆ ಕಣ್ಣು ಮಿಟುಕಿಸದೆ ನೋಡಿದಳು, ಚಿಕ್ಕ ಮಕ್ಕಳಿಗೆ ಹರಳೆಣ್ಣೆ ಕುಡಿಸುವವರ ಹಾಗೆ. ನಾನು ಬೇಡಿಕೊಂಡು ಎರಡೂವರೆ ತಿಂಗಳಾದರೂ ಆಗದ್ದು, ಅವಳ ಒಂದು ಶಬ್ದಕ್ಕೆ ಆಯಿತು. ಅದರಲ್ಲಿ ಸಂತೋಷಪಡಲು ನನ್ನಿಂದಾಗಲಿಲ್ಲ. ಅವರು ನುಂಗಿದ್ದು ತಾಯಿಗಾಗಿ. ನನ್ನ ಉರಿ ಆ ತಾಟಿನಲ್ಲಿ ಲೆಕ್ಕಕ್ಕೇ ಇರಲಿಲ್ಲ. ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಅಂದೂ ಸಿಗಲಿಲ್ಲ, ಒಂಬತ್ತು ವರ್ಷದಲ್ಲಿ ಎಂದೂ ಸಿಗಲಿಲ್ಲ. ನಾನು ಮತ್ತೆ ಕೇಳಲೂ ಇಲ್ಲ. ನಾವು ಒಂದೇ ಮನೆಯಲ್ಲಿದ್ದೇವೆ. ಅವರು ಸೊಸೈಟಿ, ರೇಷನ್ನು, ಮಗಳ ಸ್ಕೂಲು ಎಲ್ಲ ನೋಡಿಕೊಳ್ಳುತ್ತಾರೆ. ಒಳ್ಳೆಯ ಗಂಡ ಎಂದು ಊರು ಹೇಳುತ್ತದೆ.

ನಾನೂ ಮತ್ತೆ ಕುಮಟೆಗೆ ಹೋಗಿ ಬರೆಸಿಕೊಂಡು ಬಂದ ಮಾತ್ರೆ ಮುಗಿಸಿದೆ. ದೀಪಾವಳಿಗೆ ಗುಣವಾಯಿತು. ಮತ್ತೆ ಬರಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಗೆದ್ದವಳು ನಾನೇ. ಆದರೆ ಮೇಸ್ತ್ರಿಯ ಕೈಯಿಂದ ಬಿದ್ದ ಆ ಹಗ್ಗ ಇಲ್ಲಿಗೆ ನಿಲ್ಲಿಸಲು ಬಿಡುವುದಿಲ್ಲ.

ಅವರು ಮಾತ್ರೆ ನುಂಗಿದ ಮರುದಿನ ಬೆಳಿಗ್ಗೆ. ಮಗುವಿಗೆ ಸ್ನಾನ ಮಾಡಿಸಲು ಬಚ್ಚಲುಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯಿಸಿಪ್ಪೆ ಒಟ್ಟುತ್ತಿದ್ದಳು. ಹಗ್ಗದಲ್ಲಿ ನನ್ನ ಬಟ್ಟೆ ಇರಲಿಲ್ಲ. ಮೂಲೆಯಲ್ಲಿ ಅವಳದು ಮಾತ್ರ ತೂಗುತ್ತಿತ್ತು.

“ಮಗಾ” ಎಂದಳು, ಬೆಂಕಿ ನೋಡುತ್ತಲೇ. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. ಮೆಡಿಕಲ್ ಶಾಪಿನಲ್ಲಿ ಪಿಸುಗುಟ್ಟಿದ್ದು ಹೀಗೇ ಇರಬೇಕು. “ಆ ಮಾತ್ರೆ… ಹೆಂಗಸ್ರದ್ದು… ಮುದುಕೀರಿಗೂ ಆಗ್ತದಾ? ನಂಗೂ ಬಾಳ ಕಾಲದಿಂದ ಹಂಗೇ. ಇವ ಹುಟ್ಟಿದ ಮೇಲೆ ಶುರುವಾದದ್ದು. ಇವನಪ್ಪ ಹೋದ್ರೂ ಅದು ಹೋಗ್ಲಿಲ್ಲ.”

ನನಗೆ ಕೇಳಿಸಿತು. ಅರ್ಥವೂ ಆಯಿತು. ಮೂವತ್ತು ವರ್ಷದಿಂದ ತಲೆಯ ಮೇಲೆ ಮೀನುಬುಟ್ಟಿ, ಕೆಳಗೆ ಆ ಉರಿ, ಆ ನಡಿಗೆ. ತನಗೆ ಗೊತ್ತಿದ್ದ ಒಂದೇ ಔಷಧವನ್ನು ಅವಳು ನನಗೆ ಹೊಯ್ದಿದ್ದಳು. ಒಂದು ದಿನಕ್ಕಾದರೂ ಗುಣ ಕೊಡದ ಔಷಧ ಎಂದು ತನ್ನ ಮೈಯಲ್ಲೇ ತಿಳಿದಿದ್ದರೂ ಹೊಯ್ದಿದ್ದಳು. ಎಲ್ಲಿಂದ ಬಂತು ಎಂದು ಮಗ ಕೇಳಿದಾಗ ಅವಳ ಕೊಳವೆ ನಿಂತು ಮತ್ತೆ ಊದಿತ್ತು. ನನಗೆ ಅದೊಂದೇ ಸದ್ದು ಕಿವಿಯಲ್ಲಿತ್ತು. ಗಂಡನ ಮೇಲೆ ಕಾರಲಾಗದೆ ಉಳಿದದ್ದೆಲ್ಲ ಬಾಯಿಗೆ ಬಂತು.

“ನಿಮ್ಗೆ ಪಟಿಕದ ನೀರುಂಟಲ್ಲ ಅತ್ತೆ” ಎಂದೆ. “ಉರಿದ್ರೇ ಗುಣ.”

ಅತ್ತೆ ತಿರುಗಿ ನೋಡಿದಳು. ಆಮೇಲೆ ಸ್ವಲ್ಪ ನಕ್ಕಳು. “ಹೌದು ಅಲ್ದಾ” ಎಂದು ಹೇಳಿ, ಮಗುವಿನ ನೀರಿಗೆ ಕೈ ಅದ್ದಿ ಬಿಸಿ ನೋಡಿದಳು. “ಹದ ಆಗಿದೆ, ತಗೊ” ಎಂದು ಎದ್ದು ಹೋದಳು.

ಮರುವರ್ಷ ನನ್ನ ಸಿಟ್ಟು ಇಳಿದ ಮೇಲೆ, ಕುಮಟೆಗೆ ಹೋಗೋಣ ಅತ್ತೆ, ಆ ಡಾಕ್ಟರು ಒಳ್ಳೆಯವರು ಎಂದು ಕರೆದೆ. ಅವಳು ಬುಟ್ಟಿಗೆ ಮೀನು ಜೋಡಿಸುತ್ತಿದ್ದಳು. “ನಂಗೆಂತ ಆಗಿದೆ?” ಎಂದಳು. ಮಗ ಹೇಳಿದ್ದೂ ಅದನ್ನೇ. ತನಗೆ ಏನೂ ಆಗಿಲ್ಲವೆಂದು ಅವರು ನಂಬಿದ್ದರು. ಇವಳು ನನ್ನ ಕೈಯಿಂದ ಇನ್ನೇನೂ ಬೇಡವೆಂದು ಹೇಳುತ್ತಿದ್ದಳು. ಇನ್ನೂ ಎರಡು ಸಲ ಕರೆದೆ. ನಾಲ್ಕನೇ ಸಲ ಕರೆಯಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳು ಎದೆನೋವಿನಿಂದ ಹೋದಳು. ಬಚ್ಚಲೊಲೆ ಹೊತ್ತಿಸುವವರು ಯಾರೂ ಉಳಿಯಲಿಲ್ಲ.

ಕಲ್ಲುಮಣ್ಣಿನ ರಾಶಿಯಿಂದ ತಂದ ಹಗ್ಗವನ್ನು ಆ ಸಂಜೆ ಅಂಗಳದ ಬೆಳಕಿನಲ್ಲಿ ಬಿಡಿಸಿ ನೋಡಿದೆ. ನಡುವೆ, ನನ್ನ ಬಟ್ಟೆಗಳಿದ್ದ ಜಾಗದಲ್ಲಿ ಬೆರಳುದಪ್ಪ ಮಸಿ ಹಿಡಿದಿತ್ತು. ಆ ಅಕ್ಟೋಬರಿನಿಂದ ಅಲ್ಲಿ ಯಾರೂ ಏನೂ ಹಾಕಿರಲಿಲ್ಲ. ಮೂಲೆಯ ಹತ್ತಿರ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ಮಸಿ ತೆಳುವಾಗಿತ್ತು. ದಿನವೂ ಬಟ್ಟೆ ಹಾಕಿ ತೆಗೆದು, ಹಾಕಿ ತೆಗೆದು ಕತ್ತ ಸವೆದು ನುಣುಪಾಗಿತ್ತು.

ಗಂಡ ಬಂದು, “ಇದೆಂತಕೆ ಇಟ್ಕಂಡಿದ್ದೆ?” ಎಂದು ಕೇಳಿದರು.

“ಆಯಿದು” ಎಂದೆ.